‘ಡ್ರ್ಯಾಬಲ್’ ಎಂದರೆ ನೆನೆಯುವುದೇ, ಕೊಳೆಯಾಗುವುದೇ?

ಪ್ರಶ್ನೆ: ಇಂಗ್ಲಿಷಿನ ‘ಡ್ರ್ಯಾಬಲ್’ ಕ್ರಿಯಾಪದಕ್ಕೆ ನಿಘಂಟಿನಲ್ಲಿ ‘ಒದ್ದೆಯಾಗಿ ಕೊಳೆಯಾಗು’ ಎಂಬ ಅರ್ಥವಿದೆ. ಮಳೆಯಲ್ಲಿ ನೆಂದು ಬಂದವರಿಗೂ ಈ ಪದವನ್ನು ಬಳಸಬಹುದೇ? ಕನ್ನಡದಲ್ಲಿ ಇದಕ್ಕೆ ಸಮನಾದ ಪದ ಯಾವುದು?
– ಓದುಗರೊಬ್ಬರು, ಕೋಲಾರ

ಉತ್ತರ: ಬರೀ ಮಳೆಯಲ್ಲಿ ನೆಂದವರಿಗೆ ಈ ಪದ ಹೊಂದುವುದಿಲ್ಲ. ಕೆಸರುನೀರಿನಲ್ಲಿ ಓಡಾಡಿ, ಇಲ್ಲವೇ ಬಟ್ಟೆಯ ಅಂಚು ಅದರಲ್ಲಿ ಎಳೆದಾಡಿ, ನೀರೂ ಮಣ್ಣೂ ಒಟ್ಟಿಗೆ ಮೆತ್ತಿಕೊಂಡಾಗ ಮಾತ್ರ ಅದು ಡ್ರ್ಯಾಬಲ್. ಮಳೆ ನಿಂತ ಬೆಳಿಗ್ಗೆ ಕೋಲಾರದ ಎಪಿಎಂಸಿಯ ಟೊಮೆಟೊ ಮಾರುಕಟ್ಟೆಯಲ್ಲಿ, ಒಡೆದ ಹಣ್ಣು, ಕೆಮ್ಮಣ್ಣು, ನಿಂತ ನೀರು ಎಲ್ಲವನ್ನೂ ಲಾರಿಯ ಚಕ್ರಗಳು ಕಲಸಿಟ್ಟ ರಾಡಿಯಲ್ಲಿ ತನ್ನ ಕ್ರೇಟುಗಳನ್ನು ಹುಡುಕುತ್ತ ತಿರುಗಿದ ರೈತನ ಪಂಚೆಯ ಅಂಚು ಏನಾಗಿರುತ್ತದೆಯೋ, ಆ ಸ್ಥಿತಿಗೆ ಈ ಪದ ಸರಿಹೊಂದುತ್ತದೆ. ಅಂಗಿಯ ಮೇಲೆ ಕಾಫಿ ಚೆಲ್ಲಿಕೊಂಡರೆ ಒದ್ದೆಯೂ ಆಗುತ್ತದೆ, ಕಲೆಯೂ ಆಗುತ್ತದೆ. ಆದರೆ ಅದು ಡ್ರ್ಯಾಬಲ್ ಅಲ್ಲ.

ಇದರ ನೆರೆಯ ಪದ ‘ಡ್ರ್ಯಾಗಲ್’. ಎಳೆ ಎಂಬ ಅರ್ಥದ ‘ಡ್ರ್ಯಾಗ್’ ಧಾತುವಿನಿಂದ ಬಂದ ಇದರ ಅರ್ಥ, ನೆಲದ ಮೇಲೆ ಎಳೆದಾಡಿ ಒದ್ದೆ ಅಥವಾ ಕೊಳೆಯಾಗುವುದು, ಹಾಗೆ ಮಾಡುವುದು. ಕೊನೆಯ ‘ಲ್’ ಇಲ್ಲಿ ಸುಮ್ಮನೆ ಬಂದುದಲ್ಲ. ಕೆಲಸವೊಂದು ಮತ್ತೆ ಮತ್ತೆ ನಡೆಯುವುದನ್ನು ಅದು ಸೂಚಿಸುತ್ತದೆ. ನಮ್ಮಲ್ಲಿ ‘ಓಡು’ ಎಂಬುದು ‘ಓಡಾಡು’ ಆಗುವುದು, ‘ಎಳೆ’ ಎಂಬುದು ‘ಎಳೆದಾಡು’ ಆಗುವುದು ಹೆಚ್ಚುಕಡಿಮೆ ಇದೇ ಬಗೆಯ ರಚನೆ. ಇದನ್ನು ತಿಳಿದವರಿಗೆ ಡ್ರ್ಯಾಗಲ್‌ನ ಅರ್ಥವನ್ನು ಬೇರೆಯಾಗಿ ಬಾಯಿಪಾಠ ಮಾಡುವ ಅಗತ್ಯ ಬೀಳದು.

ಮಳೆಯಲ್ಲಿ ನೆಂದು, ಕೂದಲು ಜೋತುಬಿದ್ದು, ಬಟ್ಟೆ ಮುದ್ದೆಯಾಗಿ ಬಂದವರನ್ನು ಬಣ್ಣಿಸಲು ಇದೇ ಮೂಲದ ‘ಬಿಡ್ರ್ಯಾಗಲ್ಡ್’ ಎಂಬ ವಿಶೇಷಣವಿದೆ. ಇಂದಿನ ಇಂಗ್ಲಿಷಿನಲ್ಲಿ ಹೆಚ್ಚು ಕಾಣಸಿಗುವುದೂ ಅದೇ. ಡ್ರ್ಯಾಬಲ್ ಈಗ ಅಪರೂಪ. ಹನಿಹನಿಯಾಗಿ ಸೋರುವುದನ್ನೂ, ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಕಾಲಿನಲ್ಲೇ ಹಿಡಿತದಲ್ಲಿಟ್ಟು ಒಯ್ಯುವುದನ್ನೂ ಹೇಳುವ ‘ಡ್ರಿಬಲ್’ ಬೇರೆಯೇ ಪದ.

ಕನ್ನಡದಲ್ಲಿ ನನ್ನ ಆಯ್ಕೆ ‘ರಾಡಿಯಾಗು’. ‘ಕೊಳೆಯಾಗು’ ಎಂದರೆ ಬರೀ ಧೂಳಿನಿಂದಲೂ ಆಗಬಹುದು, ‘ತೊಯ್ದು ತೊಪ್ಪೆಯಾಗು’ ಎನ್ನುವಲ್ಲಿ ಮಣ್ಣಿನ ಮಾತೇ ಇಲ್ಲ. ‘ರಾಡಿ’ಯಲ್ಲಿ ನೀರೂ ಮಣ್ಣೂ ಒಟ್ಟಿಗೇ ಇವೆ. ಇಂಗ್ಲಿಷಿನಲ್ಲಿ ಡ್ರ್ಯಾಬಲ್ ಎಂಬ ಒಂದೇ ರೂಪ ಅಕರ್ಮಕವಾಗಿಯೂ ಸಕರ್ಮಕವಾಗಿಯೂ ನಡೆಯುವುದರಿಂದ, ಅನುವಾದಿಸುವಾಗ ಸಂದರ್ಭ ನೋಡಿ ‘ಲಂಗದ ಅಂಚು ರಾಡಿಯಾಯಿತು’ ಎಂದೋ ‘ಲಂಗದ ಅಂಚನ್ನು ರಾಡಿ ಮಾಡಿಕೊಂಡಳು’ ಎಂದೋ ಬಿಡಿಸಿ ಬರೆಯಬೇಕಾಗುತ್ತದೆ.

ನಿಖರವಾಗಿ 100 ಪದಗಳಲ್ಲಿ ಬರೆದ ಕತೆಗೂ ಇಂಗ್ಲಿಷಿನಲ್ಲಿ ‘ಡ್ರ್ಯಾಬಲ್’ ಎಂಬ ಹೆಸರಿದೆ. ಆ ನಾಮಪದಕ್ಕೂ ಈ ಕೆಸರಿಗೂ ಸಂಬಂಧವಿಲ್ಲ.