ಚೇಳಿನ ಮೌನ: ಜಪಾನಿನ ಮಹಿಳಾ ಜೈಲು ಚಿತ್ರಗಳಲ್ಲಿ ಹೆಣ್ಣಿಗೆ ಸಿಕ್ಕ ಜಾಗ

1958ರಲ್ಲಿ 112 ಕೋಟಿಗೂ ಹೆಚ್ಚು ಟಿಕೆಟ್ ಮಾರಿದ್ದ ಜಪಾನಿನ ಚಿತ್ರಮಂದಿರಗಳು 1972ರ ಹೊತ್ತಿಗೆ 20 ಕೋಟಿಯನ್ನೂ ಮುಟ್ಟದಂತಾಗಿದ್ದವು. ಟಿವಿ ಬಂದ ಮೇಲೆ ಕುಟುಂಬಗಳು ಮನೆಯಲ್ಲೇ ಉಳಿದವು. ಥಿಯೇಟರಿಗೆ ಬರುತ್ತಿದ್ದವರಲ್ಲಿ ನಗರಗಳ ಯುವಕರೇ ಹೆಚ್ಚಾದರು. ಅವರನ್ನು ಉಳಿಸಿಕೊಳ್ಳಲು ನಿಕ್ಕಾತ್ಸು ಸಂಸ್ಥೆ 1971ರ ನವೆಂಬರಿನಲ್ಲಿ ಕಾಮಪ್ರಧಾನ ಚಿತ್ರಗಳತ್ತ ಹೊರಳಿದರೆ, ಭೂಗತ ಲೋಕದ ಕಥೆಗಳಿಗೆ ಹೆಸರಾಗಿದ್ದ ತೋಯೇ ಸಂಸ್ಥೆ ಹೆಣ್ಣು ರೌಡಿಗಳನ್ನೂ ಹೆಣ್ಣು ಕೈದಿಗಳನ್ನೂ ತೆರೆಗೆ ತಂದಿತು. ಮಹಿಳಾ ಜೈಲು ಚಿತ್ರಗಳ ಬೆಳೆ ಹೀಗೆ ಬಂದದ್ದು ವ್ಯಾಪಾರದ ಸಂಕಟದಿಂದ. ಹೆಣ್ಣಿನ ಬಗೆಗಿನ ಕಾಳಜಿಯಿಂದಲ್ಲ.

ಹಾಗಿದ್ದೂ ಈ ಚಿತ್ರಗಳ ಬಗ್ಗೆ ಸ್ತ್ರೀವಾದಿ ಚರ್ಚೆ ಸಾಧ್ಯವಾಗಿರುವುದು ಬಹುಮಟ್ಟಿಗೆ ಒಬ್ಬ ನಟಿಯಿಂದ. ನಿಕ್ಕಾತ್ಸು ದಾರಿ ಬದಲಿಸಿದಾಗ ಅಲ್ಲಿಂದ ಹೊರಬಂದ ಮೇಯ್ಕೊ ಕಾಜಿಗೆ, ತೊರು ಶಿನೊಹಾರಾ ಅವರ ಮಂಗಾವನ್ನು (ಜಪಾನಿ ಕಾಮಿಕ್ಸ್) ಆಧರಿಸಿದ ತೋಯೇ ಸರಣಿಯ ಮೊದಲ ಚಿತ್ರ ‘ಮಹಿಳಾ ಕೈದಿ 701: ಚೇಳು’ವಿನ ಮುಖ್ಯಪಾತ್ರ ದೊರೆಯಿತು. ಮೂಲದ ನಾಯಕಿ ಹೊಲಸು ಬೈಗುಳದವಳು. ಆ ಮಾತುಗಳನ್ನು ಆಡಲೊಲ್ಲದ ಕಾಜಿ ನಾಯಕಿಯನ್ನು ಹೆಚ್ಚುಕಡಿಮೆ ಮೂಕಿಯಾಗಿಸುವಂತೆ ಕೇಳಿದರು. ಇದು ಮೊದಲ ಚಿತ್ರವಾಗಿದ್ದ ನಿರ್ದೇಶಕ ಷುನ್ಯಾ ಇಟೊ ಒಪ್ಪಿದರು. ಪ್ರೇಮಿಸಿದ ಪೊಲೀಸನಿಂದಲೇ ಮೋಸಹೋಗಿ ಜೈಲು ಸೇರಿದ ನಾಯಕಿ ಮಾತ್ಸು ಯಾರ ಮುಂದೆಯೂ ಅಳಲು ತೋಡಿಕೊಳ್ಳದೆ ನೋಡುವವರನ್ನೇ ತಿರುಗಿ ದಿಟ್ಟಿಸುವವಳಾದದ್ದು ಹೀಗೆ. ಇಟೊ ಆ ಸಿಟ್ಟನ್ನು ನೇರವಾಗಿ ಸರ್ಕಾರದತ್ತ ತಿರುಗಿಸಿದರು: ಚಿತ್ರದ ಆರಂಭದಲ್ಲಿ ರಾಷ್ಟ್ರಧ್ವಜದಡಿ ಜೈಲಧಿಕಾರಿಗೆ ಸನ್ಮಾನ ನಡೆಯುತ್ತಿರುವಾಗಲೇ ಕೈದಿ ತಪ್ಪಿಸಿಕೊಂಡ ಸೈರನ್ ಮೊಳಗುತ್ತದೆ, ಮುಂದೆ ಬಿಳಿ ಬಟ್ಟೆಯ ಮೇಲಿನ ರಕ್ತದ ಕಲೆ ಅದೇ ಧ್ವಜವನ್ನು ನೆನಪಿಸುತ್ತದೆ.

1970ರ ಅಕ್ಟೋಬರಿನಲ್ಲಿ ಟೋಕಿಯೊದ ಬೀದಿಗಳಲ್ಲಿ ಮಹಿಳಾ ವಿಮೋಚನೆಯ ಮೆರವಣಿಗೆ ನಡೆದಿತ್ತು. ಕಾಲ ಒಂದೇ ಎಂದ ಮಾತ್ರಕ್ಕೆ ಈ ಚಿತ್ರಗಳನ್ನು ಆ ಚಳವಳಿಯ ಕೂಸು ಎನ್ನುವುದು ಉದಾರತೆಯ ಅತಿರೇಕವಾದೀತು. ಇವನ್ನು ನಿರ್ದೇಶಿಸಿದವರು ಗಂಡಸರು. ಅತ್ಯಾಚಾರವನ್ನು ಖಂಡಿಸುವ ಕಥೆಯೇ ಅದನ್ನು ನೋಟಕ್ಕಿಟ್ಟು ಹಣ ಮಾಡುತ್ತದೆ. ಮಹಿಳಾ ಕೈದಿಗಳ ಮೇಲ್ವಿಚಾರಣೆ ಮಹಿಳಾ ಸಿಬ್ಬಂದಿಯದೇ ಆಗಬೇಕೆಂದು ವಿಶ್ವಸಂಸ್ಥೆಯ 1955ರ ಕನಿಷ್ಠ ನಿಯಮಗಳು ಹೇಳಿದ್ದರೂ, ತೆರೆಯ ಮೇಲಿನ ಜೈಲಿನ ತುಂಬ ಲಾಠಿ ಹಿಡಿದ ಗಂಡಸರು. ಹೆಣ್ಣುಹೆಣ್ಣಿನ ಆಕರ್ಷಣೆಯೂ ಇಲ್ಲಿ ಪ್ರೀತಿಯಾಗಿ ಬರುವುದು ಅಪರೂಪ. ಮೊದಲ ಚಿತ್ರದಲ್ಲಿ ಕೈದಿಯ ವೇಷದಲ್ಲಿ ಬಂದ ಗುಪ್ತಚಾರಿಣಿಯನ್ನು ಮಾತ್ಸು ಮಣಿಸುವ ಅಸ್ತ್ರ ಅದು.

ವೈವಿಧ್ಯದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಅದೇ ಕಾಲದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಚಿತ್ರೀಕರಣಗೊಂಡ ಅಮೆರಿಕದ ಜೈಲು ಚಿತ್ರಗಳು ಪ್ಯಾಮ್ ಗ್ರಿಯರ್ ಅವರಂಥ ಕಪ್ಪು ನಟಿಯರನ್ನು ಮುಂದಿಟ್ಟು ಜನಾಂಗಭೇದವನ್ನೂ ಸರಕಾಗಿಸಿಕೊಂಡವು. ತೋಯೇ ಚಿತ್ರಗಳಲ್ಲಿ ಜನಾಂಗದ ಮಾತು ಹೆಚ್ಚಾಗಿ ಮುಚ್ಚಿಹೋಗಿದೆ. 1973ರ ಮೂರನೇ ಚಿತ್ರದಲ್ಲಿ ವೇಶ್ಯಾವಾಟಿಕೆಯ ಒಡತಿಯಾಗಿ ನಟಿಸಿದ ರೇಯ್ಸೆನ್ ಲೀ ಜಪಾನಿನ ಕೊರಿಯನ್ ಸಮುದಾಯದವರು, ಪ್ರಯೋಗಶೀಲ ರಂಗಭೂಮಿಯ ದೊಡ್ಡ ಹೆಸರು. ಆದರೆ ಪಾತ್ರಕ್ಕೆ ಆ ಗುರುತಿಲ್ಲ. ನನ್ನ ಮಟ್ಟಿಗೆ ಸರಣಿಯ ಅತ್ಯಂತ ದಿಟ್ಟ ಗಳಿಗೆ ಇರುವುದು 1972ರ ಕೊನೆಯಲ್ಲಿ ಬಂದ ಎರಡನೇ ಚಿತ್ರದಲ್ಲಿ. ತಪ್ಪಿಸಿಕೊಂಡ ಏಳು ಹೆಂಗಸರ ಅಪರಾಧಗಳನ್ನು ಅಲ್ಲಿ ಹಾಡಿನ ಮೂಲಕ ಒಂದೊಂದಾಗಿ ಹೇಳಲಾಗುತ್ತದೆ. ಅದೇ ಚಿತ್ರದ ಪ್ರವಾಸಿ ಬಸ್ಸಿನಲ್ಲಿ ಮಧ್ಯವಯಸ್ಕ ಗಂಡಸರು, ಯುದ್ಧಕಾಲದಲ್ಲಿ ಚೀನಾದ ಹೆಂಗಸರ ಮೇಲೆ ನಡೆಸಿದ ಅತ್ಯಾಚಾರವನ್ನು ಚಪ್ಪರಿಸಿ ನೆನೆಯುತ್ತಾರೆ. ಆ ಚೀನೀ ಹೆಂಗಸರು ಮಾತ್ರ ತೆರೆಗೆ ಬರುವುದಿಲ್ಲ.

1973ರ ಡಿಸೆಂಬರಿನ ನಾಲ್ಕನೇ ಚಿತ್ರವನ್ನು ಇಟೊ ಬದಲಿಗೆ ಯಾಸುಹಾರು ಹಾಸೆಬೆ ನಿರ್ದೇಶಿಸಿದರು. ಅದರೊಂದಿಗೆ ಕಾಜಿಯೂ ಸರಣಿಯನ್ನು ಬಿಟ್ಟರು. 1976 ಮತ್ತು 1977ರಲ್ಲಿ ಬೇರೆ ನಟಿಯರನ್ನಿಟ್ಟು ತೋಯೇ ಅದೇ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ನಿಕ್ಕಾತ್ಸು ತನ್ನದೇ ಮಹಿಳಾ ಜೈಲು ಚಿತ್ರಗಳನ್ನು ಕಾಮಪ್ರಧಾನ ಚಿತ್ರಗಳ ಸಾಲಿಗೇ ಸೇರಿಸಿತು.