ಕಟ್ಟು ಬಿಚ್ಚುವ ಮೊದಲು

ಹೋದ ತಿಂಗಳು ದಾವಣಗೆರೆಯ ಮಂಡಿಪೇಟೆಯ ಒಂದು ಹಳೇ ಮನೆಯಿಂದ ಫೋನ್ ಬಂತು. ಮನೆ ಕೆಡವುತ್ತಿದ್ದೇವೆ, ಅಟ್ಟದಲ್ಲಿ ತಾತನ ಕಾಲದ ಲೆಕ್ಕದ ಪುಸ್ತಕಗಳಿವೆ, ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿ ಅಂದರು. ನಾನು ಹೋಗುವಷ್ಟರಲ್ಲಿ ಮನೆಯ ಹುಡುಗರು ಎಲ್ಲವನ್ನೂ ಅಂಗಳಕ್ಕೆ ಇಳಿಸಿದ್ದರು. ಒದ್ದೆ ಬಟ್ಟೆ ಹಿಡಿದು ಧೂಳು ಒರೆಸಲು ಶುರು ಮಾಡಿದ್ದರು. "ಒಂದ್ನಿಮಿಷ ನಿಲ್ಸ್ರಪ್ಪಾ" ಅಂತ ಬಾಗಿಲಲ್ಲೇ ಕೂಗಿದೆ.

ಅವರ ಕೈಯಲ್ಲಿದ್ದದ್ದು ಕಡತ. ಇವತ್ತು ಕಡತ ಅಂದರೆ ಆಫೀಸಿನ ಫೈಲು. ಹಿಂದೆ ಕಡತ ಅಂದರೆ ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಸ್ಲೇಟಿನ ಹಾಗೇ. ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಏನಾಗುತ್ತೆ? ಮೊದಲ ಎರಡು ಮಡಿಕೆ ಆಗಲೇ ಖಾಲಿಯಾಗಿದ್ದವು. ಹುಡುಗರ ತಪ್ಪಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಈ ಸಲದ ಅಂಕಣ.

ಕಡತದ ಕೆಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಿರ್ದಿ, ಅಂದರೆ ದಿನದಿನದ ಲೆಕ್ಕದ ಪುಸ್ತಕಗಳಿದ್ದವು. ಒಂದರ ಮೊದಲ ಪುಟದಲ್ಲಿ ಅರಿಶಿನದ ಕಲೆ, 'ಶ್ರೀ', ಅದರ ಕೆಳಗೆ 'ಶ್ರೀಮುಖ ಸಂವತ್ಸರದ ಕಾರ್ತಿಕ ಶುದ್ಧ ಪಾಡ್ಯ'. ಅಂದರೆ ದೀಪಾವಳಿ ಪಾಡ್ಯದ ದಿನ ಪೂಜೆ ಮಾಡಿ ಬರೆಯಲು ತೊಡಗಿದ ಹೊಸ ಪುಸ್ತಕ. ಆದರೆ ಯಾವ ವರ್ಷ? ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಶ್ರೀಮುಖ 1873ರಲ್ಲೂ ಬಂದಿತ್ತು, 1933ರಲ್ಲೂ ಬಂದಿತ್ತು. ಬರೀ ಆ ಪುಟ ನೋಡಿ ಹೇಳಲು ಆಗುವುದಿಲ್ಲ. ಪುಸ್ತಕದ ನಡುವೆ ಒಂದು ಅಂಚೆ ಕಾರ್ಡು ಮಡಚಿ ಇಟ್ಟಿದ್ದರು. ಹತ್ತಿ ಅಂಡಿಗೆ (ಮೂಟೆ) ಯಾವಾಗ ಕಳಿಸುತ್ತೀರಿ ಅಂತ ರಾಣೇಬೆನ್ನೂರಿನಿಂದ ಯಾರೋ ಕೇಳಿದ್ದರು. ಅದರ ಮೇಲಿನ ಮುದ್ರೆ 1933ರ ನವೆಂಬರಿನದು. ಅಷ್ಟೇ ಸಾಕಾಯಿತು.

ಆ ಕಾರ್ಡನ್ನು ಯಾರಾದರೂ ತೆಗೆದು 'ಹಳೇ ಪತ್ರಗಳು' ಅನ್ನೋ ಬೇರೆ ಡಬ್ಬಿಗೆ ಹಾಕಿದ್ದರೆ? ಕಾರ್ಡೂ ಉಳಿಯುತ್ತಿತ್ತು, ಕಿರ್ದಿಯೂ ಉಳಿಯುತ್ತಿತ್ತು. ಎರಡೂ ಮೂಕವಾಗುತ್ತಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಮೂರು ಮನೆಗಳಿಂದ ಬಂದ ಕಾಗದಗಳನ್ನು ಒಟ್ಟು ಹಾಕಿ, ತಾರೀಖಿನ ಪ್ರಕಾರ ಚೆಂದವಾಗಿ ಜೋಡಿಸಿಟ್ಟೆ. ಎರಡು ವಾರದ ಕೆಲಸ. ಯಾವುದು ಯಾರ ಮನೆಯದು ಅನ್ನೋದು ಈಗ ಯಾರಿಗೂ ಗೊತ್ತಿಲ್ಲ. ಅದರ ನೋವು ಇನ್ನೂ ಇದೆ.

ಕಲ್ಲಿಗೆ ಈ ಕಷ್ಟ ಕಡಿಮೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಿ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಅದರಲ್ಲಿ 'ಇಸಿಲ' ಅನ್ನೋ ಊರಿನ ಮಹಾಮಾತ್ರರಿಗೆ, ಅಂದರೆ ಅಶೋಕನ ಅಧಿಕಾರಿಗಳಿಗೆ, ಅಪ್ಪಣೆ ಇದೆ. ಬಂಡೆ ಎರಡು ಸಾವಿರ ವರ್ಷ ಕದಲಲಿಲ್ಲ. ಹಾಗಾಗಿ ಇಸಿಲವನ್ನು ಎಲ್ಲಿ ಹುಡುಕಬೇಕು ಅಂತ ತಿಳಿಯಿತು. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಲ್ಲೇ ಉತ್ಖನನ ಮಾಡಿದರು. ಕಾಗದ ಹಾಗಲ್ಲ, ಒಂದು ಆಟೋದಲ್ಲಿ ಊರು ಬಿಟ್ಟು ಹೋಗುತ್ತದೆ. ಎಲ್ಲಿತ್ತು, ಯಾರ ಹತ್ತಿರ ಇತ್ತು, ಯಾವುದರ ಪಕ್ಕ ಇತ್ತು ಅನ್ನೋದನ್ನು ನಾವೇ ಬರೆದಿಡಬೇಕು.

ನಮ್ಮ ಕಡೆ ಇದು ಇನ್ನೂ ಜಾಸ್ತಿ ಮುಖ್ಯ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ. ಹರಪನಹಳ್ಳಿಯದು ಬೇರೆಯೇ ಕಥೆ: 1953ರವರೆಗೆ ಮದ್ರಾಸ್ ಪ್ರಾಂತ್ಯ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ, ನಡುವೆ ಕೆಲವು ವರ್ಷ ದಾವಣಗೆರೆ, ಈಗ ವಿಜಯನಗರ. ಅಲ್ಲಿನ ಹಳೇ ಜಮೀನಿನ ಕಾಗದ ಹುಡುಕುವವರು ಆ ಕಾಲದಲ್ಲಿ ಊರು ಯಾರ ಆಡಳಿತದಲ್ಲಿತ್ತು ಅಂತ ಮೊದಲು ಕೇಳಬೇಕು. ಇವತ್ತಿನ ನಕ್ಷೆ ಹಿಡಿದು ಹೋದರೆ ಬರಿಗೈಲಿ ಬರಬೇಕಾಗುತ್ತೆ.

ಹಾಗಾದರೆ ಮನೆಯಲ್ಲಿ ಹಳೇ ಕಟ್ಟು ಸಿಕ್ಕರೆ ಏನು ಮಾಡಬೇಕು? ತಕ್ಷಣ ಬಿಚ್ಚಬೇಡಿ. ಮೊದಲು ಇದ್ದ ಜಾಗದಲ್ಲೇ, ಇದ್ದ ಹಾಗೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ಚೀಟಿಯಲ್ಲಿ ಮನೆ, ಬೀದಿ, ಸಿಕ್ಕ ಜಾಗ, ದಿನ ಬರೆದು ಜೊತೆಗಿಡಿ. ಪೆನ್ನು ಬೇಡ, ಪೆನ್ಸಿಲ್ ಸಾಕು. ಶಾಯಿ ತೇವಕ್ಕೆ ಹರಡುತ್ತೆ. ಧೂಳು ಹೊಡೆಯಲು ಒಣಗಿದ ಮೆತ್ತನೆ ಬ್ರಷ್. ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರ್ ಬ್ಯಾಂಡ್ ಇದ್ದರೆ ಮೆಲ್ಲಗೆ ತೆಗೆದು, ಹತ್ತಿ ನಾಡಾದಿಂದ ಸಡಿಲವಾಗಿ ಕಟ್ಟಿ. ಪುಟ ಹರಿದಿದ್ದರೆ ಹಾಗೇ ಬಿಡಿ. ಸೆಲ್ಲೋ ಟೇಪ್ ಮಾತ್ರ ಖಂಡಿತ ಬೇಡ. ಕೆಲವೇ ವರ್ಷದಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ.

ಇನ್ನು ಲ್ಯಾಮಿನೇಷನ್. ಒಂದು ಕಡೆ ಹಳ್ಳಿಯ ಹಳೇ ನಕ್ಷೆಯೊಂದಕ್ಕೆ ಬಿಸಿ ಪ್ಲಾಸ್ಟಿಕ್ ಹಾಕಿಸಿ ಹೆಮ್ಮೆಯಿಂದ ತೋರಿಸಿದರು. ನನಗೆ ಮಾತೇ ಹೊರಡಲಿಲ್ಲ. ಆ ಪ್ಲಾಸ್ಟಿಕ್ಕನ್ನು ಇನ್ನು ಬಿಡಿಸಲು ಆಗುವುದಿಲ್ಲ. ಕಾಗದದಲ್ಲಿರುವ ಆಮ್ಲ ಒಳಗೇ ತನ್ನ ಕೆಲಸ ಮಾಡುತ್ತಾ ಹೋಗುತ್ತದೆ. ನಿಮ್ಮ ಮನೆಯ ಹಕ್ಕುಪತ್ರಕ್ಕೂ ಇದೇ ಮಾತು.

ಹಳೆಯದೇ ಮೊದಲು ಹಾಳಾಗುತ್ತೆ ಅಂದುಕೊಳ್ಳಬೇಡಿ. ಚಿಂದಿ ಬಟ್ಟೆಯ ತಿರುಳಿನಿಂದ ಮಾಡಿದ ಹಳೇ ಕಾಗದ ನೂರು ವರ್ಷವಾದರೂ ಗಟ್ಟಿ ಇರುತ್ತದೆ. ಮರದ ತಿರುಳಿನ ದಿನಪತ್ರಿಕೆ ಒಂದು ಬೇಸಿಗೆಯ ಬಿಸಿಲಿಗೇ ಹಳದಿಯಾಗುತ್ತದೆ. ಅಂಗಡಿ ಮಷೀನಿನಿಂದ ಬರುವ ರಸೀದಿ ಕೆಲವೇ ವರ್ಷದಲ್ಲಿ ಬಿಳಿ ಹಾಳೆ. ನಮ್ಮ ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ದುಡಿದವರ ಮನೆಯಲ್ಲಿ ಸಂಬಳದ ಚೀಟಿ, ಸಂಘದ ಕರಪತ್ರ, ಪಾಳಿಯ ಕಾರ್ಡು ಇದ್ದರೆ ದಯವಿಟ್ಟು ಎಸೆಯಬೇಡಿ. ಹತ್ತಿ ಮಾರಿದವರ ಲೆಕ್ಕ ಅಲ್ಲಲ್ಲಿ ಸಿಗುತ್ತದೆ. ನೂಲು ತೆಗೆದವರ ಲೆಕ್ಕ ಸಿಗೋದು ತೀರಾ ಕಡಿಮೆ.

ಫೋಟೋ ತೆಗೆದು ಕಳಿಸುವವರಿಗೆ ಒಂದು ಮಾತು. ಕಿಟಕಿಯ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಪುಟದ ನಾಲ್ಕೂ ಅಂಚು ಕಾಣುವ ಹಾಗೆ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಇದೆಯಲ್ಲ ಅಂತ ಮೂಲವನ್ನು ಗುಜರಿಗೆ ಹಾಕಬೇಡಿ.

ಮಂಡಿಪೇಟೆಯ ಆ ಕಿರ್ದಿಯಲ್ಲಿ ಕೂಲಿ ಪಡೆದವರ ಹೆಸರುಗಳಿವೆ. ಪೂರ್ತಿ ಹೆಸರಲ್ಲ. 'ಹ. ಬಸ', 'ಕುಂ. ತಿಮ್ಮಿ', ಹೀಗೆ. ಏನೆಂದು ಅರ್ಥವಾಗದೆ ಕೂತಿದ್ದೆ. ಒಳಗಿನಿಂದ ಆ ಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಪುಸ್ತಕ ಅವರು ಹುಟ್ಟುವ ಮೊದಲಿನದು. ಆದರೆ ಆ ಮನೆತನಗಳು ಅವರಿಗೆ ಗೊತ್ತು. ನಾನು ಓದಿ ಹೇಳಿದೆ. "ಕುಂಬಾರ ತಿಮ್ಮಿ ಅದು. ಅವಳ ಮೊಮ್ಮಗಳು ನನ್ನ ಜೊತೆ ನೀರಿಗೆ ಬರ್ತಿದ್ಲು ತಮ್ಮಾ" ಅಂದರು. ಪುಸ್ತಕದಲ್ಲಿ ಏನೂ ಬರೆಯದೆ, ಬೇರೆ ಹಾಳೆಯಲ್ಲಿ ಪುಟದ ಸಂಖ್ಯೆ ಹಾಕಿ ಅವರು ಹೇಳಿದ್ದನ್ನು ಬರೆದುಕೊಂಡೆ. ಅವತ್ತು ಹದಿನಾಲ್ಕು ಹೆಸರು ಆದವು. ಅಜ್ಜಿಗೆ ಸುಸ್ತಾಯಿತು. ಇನ್ನೂ ಇಪ್ಪತ್ತಮೂರು ಬಾಕಿ ಇವೆ. ಸೋಮವಾರ ಬೆಳಗ್ಗೆ ಮತ್ತೆ ಹೋಗುತ್ತಿದ್ದೇನೆ.