ಹಳೆಯ ಮೋಟಾರ್‌ಸೈಕಲ್ ಬಿಡಿಭಾಗಗಳಿಗೆ ಮನೆಯಲ್ಲಿ ಸತುವಿನ ಲೇಪನ: ಅಧ್ಯಯನ ಟಿಪ್ಪಣಿ

ಹಳೆಯ ಮೋಟಾರ್‌ಸೈಕಲ್ಲಿನ ಬೋಲ್ಟ್, ನಟ್, ವಾಷರ್, ಬ್ರಾಕೆಟ್ ಮುಂತಾದ ಸಣ್ಣ ಉಕ್ಕಿನ ಭಾಗಗಳಿಗೆ ಮನೆಯಲ್ಲಿ ಮಾಡಿಕೊಳ್ಳಲು ತಕ್ಕ ಲೇಪನವೆಂದರೆ ಸತುವಿನದು. ಕ್ರೋಮ್ ಲೇಪನಕ್ಕೆ ಸಾಂಪ್ರದಾಯಿಕವಾಗಿ ಬಳಸುವ ಕ್ರೋಮಿಕ್ ಆಮ್ಲ ಕ್ಯಾನ್ಸರ್‌ಕಾರಕವಾದ್ದರಿಂದ ಹ್ಯಾಂಡಲ್‌ಬಾರ್, ಸೈಲೆನ್ಸರ್‌ಗಳ ಕೆಲಸವನ್ನು ವೃತ್ತಿಪರರಿಗೇ ಬಿಡಬೇಕು.

ಸತುವು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹ. ಲೇಪನದಲ್ಲಿ ಗೀರು ಬಿದ್ದರೂ ಮೊದಲು ಸವೆಯುವುದು ಸತುವೇ ಹೊರತು ಅದರಡಿಯ ಉಕ್ಕಲ್ಲ. ನಿಕ್ಕಲ್ ಇದಕ್ಕೆ ವಿರುದ್ಧ: ಅದರಲ್ಲಿ ಸೂಕ್ಷ್ಮ ರಂಧ್ರವಿದ್ದರೂ ಆ ಜಾಗದಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಲೇಪನ ನಿಲ್ಲುವುದು ಅಥವಾ ಸಿಪ್ಪೆಯಂತೆ ಏಳುವುದು ಬಹುಮಟ್ಟಿಗೆ ಪೂರ್ವಸಿದ್ಧತೆಯಲ್ಲೇ ನಿರ್ಧಾರವಾಗುತ್ತದೆ. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಸತುವು ತುಕ್ಕಿನ ಗುಳಿಯನ್ನಾಗಲಿ ಉಜ್ಜಿದ ಗೆರೆಯನ್ನಾಗಲಿ ಮುಚ್ಚಲಾರದು. ಮೊದಲು ಬಣ್ಣ ಮತ್ತು ಗ್ರೀಸ್ ತೆಗೆದು, ತಂತಿ ಬ್ರಷ್‌ನಿಂದ ಉಜ್ಜಿ, ಬಿಸಿಯಾದ ಕ್ಷಾರೀಯ ದ್ರಾವಣದಲ್ಲಿ ಜಿಡ್ಡು ಬಿಡಿಸಬೇಕು. ಬಳಿಕ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಉಳಿದ ತುಕ್ಕು ಹೋಗುವಷ್ಟು ಹೊತ್ತು ಮಾತ್ರ ಇಟ್ಟು ಚೆನ್ನಾಗಿ ತೊಳೆಯಬೇಕು. ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಜಿಡ್ಡು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಭಾಗವನ್ನು ನೀರಿನಲ್ಲಿ ಅದ್ದಿ ಎತ್ತಿ ನೋಡಿದರೆ ಸಾಕು: ನೀರು ಒಂದೇ ಪದರವಾಗಿ ಹರಡಿ ನಿಂತರೆ ಮೇಲ್ಮೈ ಶುದ್ಧವಾಗಿದೆ, ಹನಿಹನಿಯಾಗಿ ಒಡೆದರೆ ಅಲ್ಲಿ ಇನ್ನೂ ಎಣ್ಣೆಯಿದೆ. ಈ ಪರೀಕ್ಷೆಯ ನಂತರ ಆ ಭಾಗವನ್ನು ಬರಿಗೈಯಲ್ಲಿ ಮುಟ್ಟಬಾರದು.

ಸತುವಿನ ಲವಣ ಕರಗಿಸಿದ ದ್ರಾವಣದಲ್ಲಿ ಸತುವಿನ ತಗಡನ್ನು ವಿದ್ಯುತ್ತಿನ ಧನ ತುದಿಗೂ ನಮ್ಮ ಭಾಗವನ್ನು ಋಣ ತುದಿಗೂ ಜೋಡಿಸುತ್ತೇವೆ. ಎಷ್ಟು ಆಂಪಿಯರ್ ಹರಿಸಬೇಕೆಂಬುದನ್ನು ಭಾಗದ ಮೇಲ್ಮೈ ವಿಸ್ತೀರ್ಣದಿಂದಲೇ ಲೆಕ್ಕ ಹಾಕಬೇಕು. ಅನೇಕರು ವೋಲ್ಟೇಜ್ ನೋಡಿಕೊಂಡೇ ಕೆಲಸ ಮಾಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 8 ಮಿ.ಮೀ. ವ್ಯಾಸದ, 30 ಮಿ.ಮೀ. ಉದ್ದದ ಬೋಲ್ಟಿಗೆ ತಲೆ ಮತ್ತು ಮರೆಗಳನ್ನು (ತಿರುಪಿನ ಸುತ್ತುಗಳನ್ನು) ಸೇರಿಸಿ ಸುಮಾರು 15 ಚದರ ಸೆಂ.ಮೀ. ಎಂದಿಟ್ಟುಕೊಂಡರೆ ಹತ್ತು ಬೋಲ್ಟುಗಳಿಗೆ 150 ಚದರ ಸೆಂ.ಮೀ. ಆಗುತ್ತದೆ. 100 ಚದರ ಸೆಂ.ಮೀ.ಗೆ 2 ಆಂಪಿಯರ್‌ನಂತೆ ಒಟ್ಟು 3 ಆಂಪಿಯರ್ ಬೇಕು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸಿದ್ಧಾಂತದ ಪ್ರಕಾರ 1.22 ಗ್ರಾಂ ಸತುವು ಕೂರುತ್ತದೆ. ಹೀಗಾಗಿ ಈ ಪ್ರಮಾಣದಲ್ಲಿ 15 ನಿಮಿಷಕ್ಕೆ ಸುಮಾರು 8 ಮೈಕ್ರಾನ್ ದಪ್ಪ ಬರಬೇಕು. ಸ್ವಲ್ಪ ವಿದ್ಯುತ್ತು ಹೈಡ್ರೋಜನ್ ಬಿಡುಗಡೆಗೆ ವ್ಯಯವಾಗುವುದರಿಂದ 20 ನಿಮಿಷ ಹಿಡಿಯುವುದು ಒಳ್ಳೆಯದು.

ವಿದ್ಯುತ್ತು ಹೆಚ್ಚಾದರೆ ಅಂಚುಗಳಲ್ಲಿ ಲೇಪನ ಕಪ್ಪಾಗಿ, ಪುಡಿಪುಡಿಯಾಗಿ, ಉಜ್ಜಿದರೆ ಉದುರುವಂತಾಗುತ್ತದೆ. ಒಳಮೂಲೆಗಳಲ್ಲಿ ಲೇಪನ ತೆಳುವಾಗುವುದು ಸಹಜ. ಭಾಗದ ಎರಡೂ ಬದಿಗೆ ತಗಡು ಇಟ್ಟು, ನಡುನಡುವೆ ಭಾಗವನ್ನು ತಿರುಗಿಸುತ್ತಿದ್ದರೆ ವ್ಯತ್ಯಾಸ ತಗ್ಗುತ್ತದೆ. ಬೋಲ್ಟಿನ ಮರೆಯ ಪಿಚ್ ವ್ಯಾಸ (ಮರೆಯ ಇಳಿಜಾರುಗಳ ನಡುಮಟ್ಟದಲ್ಲಿ ಅಳೆಯುವ ವ್ಯಾಸ) ಲೇಪನದ ದಪ್ಪದ ನಾಲ್ಕು ಪಟ್ಟು ಹೆಚ್ಚುವುದರಿಂದ 8 ಮೈಕ್ರಾನ್ ಲೇಪನಕ್ಕೆ 32 ಮೈಕ್ರಾನ್ ಬಿಗಿಯಾಗುತ್ತದೆ. ಆದ್ದರಿಂದ ಮರೆಗಳ ಮೇಲೆ ದಪ್ಪ ಲೇಪನದ ಆಸೆ ಬೇಡ.

ಎಲ್ಲಕ್ಕಿಂತ ಗಂಭೀರವಾದ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಆಮ್ಲದಲ್ಲಿಯೂ ಲೇಪನದ ತೊಟ್ಟಿಯಲ್ಲಿಯೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಅಂತಹ ಬೋಲ್ಟ್ ಬಿಗಿದ ಕೆಲವು ಗಂಟೆ ಅಥವಾ ದಿನಗಳ ಬಳಿಕ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಕಾರ್ಖಾನೆಗಳಲ್ಲಿ ಲೇಪನವಾದ ಕೂಡಲೇ 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿ ಇದನ್ನು ಹೊರಹಾಕುತ್ತಾರೆ. 12.9 ದರ್ಜೆಯ (ಅತಿ ಗಟ್ಟಿ ಉಕ್ಕಿನ) ಬೋಲ್ಟ್, ಸ್ಪ್ರಿಂಗ್, ಆಕ್ಸಲ್ ಮತ್ತು ಬ್ರೇಕಿನ ಭಾಗಗಳಿಗೆ ಮನೆಯಲ್ಲಿ ಲೇಪನ ಮಾಡಲೇಬಾರದು.

ಹೈಡ್ರೋಜನ್ ಬೆಂಕಿ ಹಿಡಿಯುವ ಅನಿಲವಾದ್ದರಿಂದ ಗಾಳಿಯಾಡುವ ಜಾಗವೂ ಆಮ್ಲದಿಂದ ರಕ್ಷಣೆಗೆ ಕನ್ನಡಕ, ಕೈಗವಸುಗಳೂ ಕಡ್ಡಾಯ. ಬಳಸಿದ ದ್ರಾವಣವನ್ನು ಚರಂಡಿಗೆ ಸುರಿಯದೆ ಮುಚ್ಚಿದ ಡಬ್ಬಿಯಲ್ಲಿಟ್ಟು ರಾಸಾಯನಿಕ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು, ಏಕೆಂದರೆ ಕರಗಿದ ಸತುವು ಮೀನು ಮತ್ತಿತರ ಜಲಚರಗಳಿಗೆ ವಿಷ.